ರೇಷನ್ ಅಕ್ಕಿ ಇದೆ, ಕೈಯಲ್ಲಿ ₹4,500 ಇದೆ: ಐದು ಜನಕ್ಕೆ ಸರಿಯಾದ ಊಟ ಹೇಗೆ?

ಪ್ರಶ್ನೆ: ನೆಲಮಂಗಲದ ಹತ್ತಿರ ಇದ್ದೇವೆ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಯಜಮಾನರು ಆಟೋ ಓಡಿಸುತ್ತಿದ್ದರು. ಕಾಲು ಮುರಿದು ಮೂರು ತಿಂಗಳಿಂದ ಮನೆಯಲ್ಲಿದ್ದಾರೆ. ಅತ್ತೆ, 9 ವರ್ಷದ ಮಗ, 6 ವರ್ಷದ ಮಗಳು ಸೇರಿ ಐದು ಜನ. ರೇಷನ್ ಅಕ್ಕಿ ಸಾಕಾಗುತ್ತದೆ. ಉಳಿದ ಊಟದ ಖರ್ಚು ತಿಂಗಳಿಗೆ ₹4,500 ದಾಟುವ ಹಾಗಿಲ್ಲ. ಹೋದ ತಿಂಗಳ ಲೆಕ್ಕ ಇದು: ಎಣ್ಣೆ 4 ಲೀಟರ್ ₹600, ಸಕ್ಕರೆ 4 ಕೆಜಿ ₹180, ತೊಗರಿಬೇಳೆ ಒಂದೂವರೆ ಕೆಜಿ ₹195, ಪ್ಯಾಕೆಟ್ ರಾಗಿ ಹಿಟ್ಟು 5 ಕೆಜಿ ₹300, ದಿನಾ ಅರ್ಧ ಲೀಟರ್ ಹಾಲು ₹700, ಟೀ ಪುಡಿ ₹150, ಸಾಂಬಾರ್ ಪುಡಿ ಮಸಾಲೆ ಪ್ಯಾಕೆಟ್‌ಗಳು ₹300, ತರಕಾರಿ ₹900, ಮಕ್ಕಳ ಹೆಲ್ತ್ ಡ್ರಿಂಕ್ ಪುಡಿ ₹430, ಬಿಸ್ಕತ್ತು ಮತ್ತು ಕುರುಕಲು ₹450, ನೂಡಲ್ಸ್ ₹150, ಉಪ್ಪು ಹುಣಸೆ ವಗೈರೆ ₹145. ಹೊಟ್ಟೆ ತುಂಬುತ್ತದೆ, ಆದರೆ ಹನ್ನೊಂದು ಗಂಟೆಗೆಲ್ಲ ನನಗೆ ತಲೆ ಸುತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.2 ಬಂತು. ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಇದೆ ಅಂತ ಅತ್ತೆ ಆರಿಸಿ ಬಿಸಾಡುತ್ತಾರೆ. ಇಷ್ಟು ದುಡ್ಡಲ್ಲಿ ಏನು ಮಾಡಬಹುದು ಹೇಳಿ.

ಉತ್ತರ: ಇಷ್ಟು ಬಿಡಿಸಿ ಲೆಕ್ಕ ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಇಪ್ಪತ್ತು ವರ್ಷದಿಂದ ತಾಲ್ಲೂಕು ಆಸ್ಪತ್ರೆಗೆ ಬರುವ ಹೆಂಗಸರ ಜೊತೆ ಊಟದ ಮಾತಾಡುತ್ತಾ ಬಂದಿದ್ದೇನೆ. ಲೆಕ್ಕ ಮುಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ನಿಮ್ಮ ರಕ್ತದ ವಿಷಯ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. 9.2 ಅಂದರೆ ಮಧ್ಯಮ ಮಟ್ಟದ್ದು. ಸೊಪ್ಪು, ಬೀಟ್‌ರೂಟ್, ಖರ್ಜೂರ ತಿಂದು ಇದನ್ನು ಮೇಲಕ್ಕೆ ತರುತ್ತೇನೆ ಅಂದುಕೊಳ್ಳಬೇಡಿ. ಅಷ್ಟರಿಂದ ಆಗುವುದಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ರಿಪೋರ್ಟ್ ತೋರಿಸಿ. ಕಬ್ಬಿಣದ ಮಾತ್ರೆ ಅಲ್ಲಿ ಪುಕ್ಕಟೆ ಸಿಗುತ್ತದೆ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ಅದನ್ನೂ ನಾಚಿಕೆ ಇಲ್ಲದೆ ಹೇಳಿ. ಮಾತ್ರೆಯಿಂದ ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ನುಂಗಿ. ಟೀ, ಹಾಲಿನ ಜೊತೆ ಬೇಡ. ತಲೆಸುತ್ತು ನಿಂತಿತು ಅಂತ ಹದಿನೈದು ದಿನಕ್ಕೇ ಬಿಡುವವರನ್ನು ನಾನು ಎಷ್ಟೋ ನೋಡಿದ್ದೇನೆ. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಲಿ.

ಈಗ ಊಟಕ್ಕೆ ಬರೋಣ. ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣು ನಿಂತಿದ್ದು ಒಂದೇ ಕಡೆ: ತೊಗರಿಬೇಳೆ ಒಂದೂವರೆ ಕೆಜಿ. ತಿಂಗಳಿಗೆ 1,500 ಗ್ರಾಂ ಅಂದರೆ ದಿನಕ್ಕೆ 50 ಗ್ರಾಂ. ಐದು ಜನಕ್ಕೆ ಹಂಚಿದರೆ ತಲೆಗೆ 10 ಗ್ರಾಂ. ಒಂದು ದೊಡ್ಡ ಚಮಚ ತುಂಬುವುದಿಲ್ಲ. ನಿಮ್ಮ ಮನೆಯ ಸಾರು ನಾನು ನೋಡಿಲ್ಲ, ಆದರೆ ಹೇಗಿರುತ್ತದೆ ಅಂತ ಹೇಳಬಲ್ಲೆ. ಮೇಲೆ ತಿಳಿ, ಅಡಿಯಲ್ಲಿ ಒಂಚೂರು ಬೇಳೆ. ಅನ್ನ ಬೇಕಾದಷ್ಟಿದೆ, ಅದರ ಪಕ್ಕದಲ್ಲಿ ಏನೂ ಇಲ್ಲ. ಹೊಟ್ಟೆ ತುಂಬಿಯೂ ಸುಸ್ತಾಗುವುದು ಇದಕ್ಕೂ ಹೌದು.

ಒಂದು ಸಣ್ಣ ಲೆಕ್ಕ ಹಾಕೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ, ಗಂಡಸಿಗೆ 54 ಗ್ರಾಂ ಪ್ರೋಟೀನ್ ಬೇಕು. ನಿಮ್ಮ ಮಗನ ವಯಸ್ಸಿಗೆ 23, ಮಗಳ ವಯಸ್ಸಿಗೆ 16. ಅತ್ತೆಯವರನ್ನೂ ಸೇರಿಸಿದರೆ ಮನೆಗೆಲ್ಲ ದಿನಕ್ಕೆ 185 ಗ್ರಾಂ. ದಿನಕ್ಕೆ ಒಂದು ಕೆಜಿ ಅಕ್ಕಿ ಬೇಯುತ್ತದೆ ಅಂತಿಟ್ಟುಕೊಂಡರೆ, ಅಕ್ಕಿ ಮತ್ತು ರಾಗಿಯಿಂದ 90ರ ಆಸುಪಾಸು ಬರುತ್ತದೆ. ಅರ್ಧ ಲೀಟರ್ ಹಾಲಿನಿಂದ 16. ಬೇಳೆಯಿಂದ ಬರೀ 11. ಒಟ್ಟು 117. ಸುಮಾರು 70 ಗ್ರಾಂ ಖೋತಾ. ಆ ಖೋತಾ ಯಾರ ತಟ್ಟೆಯಲ್ಲಿ ಬೀಳುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರ ತಟ್ಟೆಯಲ್ಲಿ.

ಈ 70 ಗ್ರಾಂ ತುಂಬಲು ಹೊಸದಾಗಿ ಒಂದು ರೂಪಾಯಿಯೂ ಬೇಡ. ದುಡ್ಡು ನಿಮ್ಮ ಪಟ್ಟಿಯಲ್ಲೇ ಇದೆ.

ಹೆಲ್ತ್ ಡ್ರಿಂಕ್ ಪುಡಿಯ ಡಬ್ಬದ ಹಿಂಭಾಗ ಓದಿ. ಇಂಥ ಹಲವು ಪುಡಿಗಳಲ್ಲಿ ಮೂರನೇ ಒಂದು ಭಾಗ, ಕೆಲವದರಲ್ಲಿ ಇನ್ನೂ ಜಾಸ್ತಿ, ಸಕ್ಕರೆಯೇ ಇರುತ್ತದೆ. ಸಕ್ಕರೆಯನ್ನು ನೀವು ಕೆಜಿಗೆ ₹45ಕ್ಕೆ ತರುತ್ತಿದ್ದೀರಿ, ಅದನ್ನೇ ಇಲ್ಲಿ ಹತ್ತು ಪಟ್ಟು ಬೆಲೆಗೆ ಕೊಳ್ಳುವುದು ಯಾಕೆ? ಮಕ್ಕಳಿಗೆ ಒಳ್ಳೆಯದಾಗಲಿ ಅಂತ ತಂದಿದ್ದೀರಿ, ಅದರಲ್ಲಿ ನಿಮ್ಮ ತಪ್ಪಿಲ್ಲ. ಟಿವಿಯಲ್ಲಿ ದಿನಾ ಅದನ್ನೇ ಹೇಳುತ್ತಾರೆ. ಅದನ್ನು ನಿಲ್ಲಿಸಿ: ₹430. ನೂಡಲ್ಸ್ ನಿಲ್ಲಿಸಿ: ₹150. ಕುರುಕಲು ಪೂರ್ತಿ ನಿಲ್ಲಿಸಿದರೆ ಮಕ್ಕಳು ಅಳುತ್ತಾರೆ, ತಿಂಗಳಿಗೆ ₹100 ಇರಲಿ, ₹350 ಉಳಿಯಿತು. ಎಣ್ಣೆ ಮೂರು ಲೀಟರ್‌ಗೆ ಇಳಿಸಿ: ₹150. ಅದಕ್ಕಿಂತ ಕೆಳಗೆ ಇಳಿಸಬೇಡಿ, ಬೆಳೆಯುವ ಮಕ್ಕಳಿಗೆ ಜಿಡ್ಡು ಬೇಕು. ಸಕ್ಕರೆ ಎರಡು ಕೆಜಿ ಸಾಕು: ₹90. ಧನಿಯಾ, ಮೆಣಸಿನಕಾಯಿ, ಜೀರಿಗೆ, ಮೆಂತ್ಯ ತಂದು ಹುರಿದು ಮಿಲ್ಲಿನಲ್ಲಿ ಪುಡಿ ಮಾಡಿಸಿದರೆ ಮಸಾಲೆ ಖರ್ಚು ಅರ್ಧಕ್ಕಿಳಿಯುತ್ತದೆ: ₹150. ಎಲ್ಲ ಸೇರಿ ₹1,320 ಕೈಗೆ ಬಂತು.

ಇದರಲ್ಲಿ ತೊಗರಿಬೇಳೆ ಇನ್ನೊಂದು ಅರ್ಧ ಕೆಜಿ (₹65), ಹುರುಳಿಕಾಳು 2 ಕೆಜಿ (ಕೆಜಿಗೆ ₹90ರಂತೆ ₹180), ಅಲಸಂದೆ 2 ಕೆಜಿ (₹200), ಕಪ್ಪು ಕಡಲೆಕಾಳು 1 ಕೆಜಿ (₹80), ಕಡಲೆಬೀಜ ಒಂದೂವರೆ ಕೆಜಿ (₹210), 40 ಮೊಟ್ಟೆ (₹260). ಒಟ್ಟು ₹995. ನಮ್ಮ ಕಡೆಯ ಅಂಗಡಿ ದರ ಹಿಡಿದು ಬರೆದಿದ್ದೇನೆ. ನಿಮ್ಮಲ್ಲಿ ಹತ್ತು ಇಪ್ಪತ್ತು ರೂಪಾಯಿ ಆಚೀಚೆ ಆಗಬಹುದು. ಈಗ ಕಾಳುಬೇಳೆ ಒಟ್ಟು ಏಳು ಕೆಜಿ ಆಯಿತು. ತಲೆಗೆ 10 ಗ್ರಾಂ ಇದ್ದದ್ದು ಸುಮಾರು 47 ಗ್ರಾಂ. ಕಾಳುಬೇಳೆಯಿಂದ 51, ಕಡಲೆಬೀಜದಿಂದ 12, ಮೊಟ್ಟೆಯಿಂದ 8, ಒಟ್ಟು 71 ಗ್ರಾಂ ಪ್ರೋಟೀನ್. ಮುಂಚೆ ಈ ಜಾಗದಲ್ಲಿ 11 ಇತ್ತು. ಮಕ್ಕಳು ಶಾಲೆಯಲ್ಲಿ ತಿನ್ನುವುದನ್ನೂ ಸೇರಿಸಿಕೊಂಡರೆ ಖೋತಾ ತುಂಬಿತು. ಇನ್ನೂ ₹325 ಮಿಕ್ಕಿದೆ.

ಹುರುಳಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ದನಕ್ಕೆ ಹಾಕುವ ಕಾಳು ಅನ್ನುವ ಮಾತು ಈಗಲೂ ಕೇಳುತ್ತೇನೆ, ಬೇಜಾರಾಗುತ್ತದೆ. ನೂರು ಗ್ರಾಂ ಹುರುಳಿಯಲ್ಲಿ ತೊಗರಿಬೇಳೆಯಲ್ಲಿ ಇರುವಷ್ಟೇ ಪ್ರೋಟೀನ್ ಇದೆ, ಬೆಲೆ ಮೂರನೇ ಒಂದು ಭಾಗ ಕಮ್ಮಿ. ಹತ್ತು ರೂಪಾಯಿಗೆ ಹುರುಳಿಯಲ್ಲಿ 24 ಗ್ರಾಂ ಪ್ರೋಟೀನ್ ಸಿಗುತ್ತದೆ, ತೊಗರಿಯಲ್ಲಿ 17, ಮೊಟ್ಟೆಯಲ್ಲಿ 9, ಹಾಲಿನಲ್ಲಿ 7. ಹಾಗಂತ ಹಾಲು, ಮೊಟ್ಟೆ ಬಿಡಿ ಅನ್ನುತ್ತಿಲ್ಲ. ಬಿ12 ಕಾಳಿನಲ್ಲಿ ಇಲ್ಲ, ಅದು ಬರುವುದು ಹಾಲು, ಮೊಟ್ಟೆ, ಮಾಂಸದಿಂದಲೇ.

ಹುರುಳಿಯನ್ನು ಮೊದಲು ಮೊರದಲ್ಲಿ ಚೆನ್ನಾಗಿ ಆರಿಸಿ, ಅದರಲ್ಲಿ ಸಣ್ಣ ಕಲ್ಲು ಇದ್ದೇ ಇರುತ್ತದೆ. ರಾತ್ರಿ ನೆನೆ ಹಾಕಿ. ಬೆಳಿಗ್ಗೆ ನೀರು ಬಸಿದು, ಒದ್ದೆ ಮಾಡಿದ ಹಳೆ ಪಂಚೆ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ, ಮುಚ್ಚಳ ಇರುವ ಪಾತ್ರೆಯಲ್ಲಿಡಿ. ಸಂಜೆ ಒಮ್ಮೆ ಬಟ್ಟೆ ಮೇಲೆ ನೀರು ಚಿಮುಕಿಸಿ. ಮಾರನೆಯ ದಿನ ಬಿಚ್ಚಿದರೆ ಬಿಳಿ ಮೊಳಕೆ ಬಟ್ಟೆ ತೂರಿ ಹೊರಗೆ ಇಣುಕುತ್ತಿರುತ್ತದೆ. ಚಳಿಗಾಲದಲ್ಲಿ ಇನ್ನೊಂದು ದಿನ ಬೇಕು. ನೆನೆಯದೆ ಕಲ್ಲಿನಂತೆ ಉಳಿದ ಕಾಳು ನಾಲ್ಕಾರು ಇರುತ್ತವೆ. ಬೆರಳಿಗೆ ಸಿಗುತ್ತವೆ, ತೆಗೆದುಬಿಡಿ. ಮೊಳಕೆ ಬಂದ ಕಾಳು ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ. ಕಾಳಿನಲ್ಲಿರುವ ಕಬ್ಬಿಣ ಮೈಗೆ ಹಿಡಿಯುವುದೂ ಜಾಸ್ತಿ. ನಿಮಗೆ ಕೆಲಸದ ನಡುವೆ ಪುರುಸೊತ್ತಿಲ್ಲ, ಅತ್ತೆಯವರನ್ನು ಕೇಳಿ. ಆ ವಯಸ್ಸಿನವರಿಗೆ ಇದು ಹೇಳಿಕೊಡಬೇಕಾದ ಕೆಲಸವಲ್ಲ.

ಇದನ್ನು ಬಸ್ಸಾರು ಮಾಡಿ. ದುಡ್ಡು ಕಮ್ಮಿ ಇರುವ ಮನೆಗೆ ಇದಕ್ಕಿಂತ ಒಳ್ಳೆಯ ಅಡುಗೆ ನನಗೆ ಗೊತ್ತಿಲ್ಲ. ಕಾಲು ಕೆಜಿ ಹುರುಳಿ ಮೊಳಕೆ ಕಟ್ಟಿದ್ದನ್ನು ಜಾಸ್ತಿ ನೀರಿಟ್ಟು ಬೇಯಿಸಿ. ಮುಕ್ಕಾಲು ಬೆಂದಾಗ ಎರಡು ಕಟ್ಟು ದಂಟಿನ ಸೊಪ್ಪು ಹೆಚ್ಚಿ ಹಾಕಿ. ಬೆಂದ ಮೇಲೆ ಬಸಿಯಿರಿ. ಕಟ್ಟು, ಅಂದರೆ ಬಸಿದ ನೀರು, ಒಂದು ಕಡೆ, ಕಾಳುಸೊಪ್ಪು ಒಂದು ಕಡೆ. ಒಣಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಧನಿಯಾ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಹುಣಸೆಹಣ್ಣು, ಚೂರು ಕಾಯಿ, ಜೊತೆಗೆ ಬೆಂದ ಕಾಳುಸೊಪ್ಪು ಒಂದು ಸೌಟು ಹಾಕಿ ನುಣ್ಣಗೆ ರುಬ್ಬಿ. ಆ ಒಂದು ಸೌಟಿನಿಂದಲೇ ಸಾರಿಗೆ ಮೈ ಬರುವುದು. ಕಟ್ಟಿಗೆ ಸೇರಿಸಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆ, ಎರಡು ಅಡುಗೆ, ಬೇಯಿಸಿದ ನೀರೂ ಚೆಲ್ಲುವುದಿಲ್ಲ. ಮುದ್ದೆಗೂ ಆಯಿತು, ಅನ್ನಕ್ಕೂ ಆಯಿತು. ಬಿಸಿ ಮಾಡಿ ಮಾರನೆಯ ದಿನ ಉಂಡರೆ ಸಾರು ಇನ್ನೂ ರುಚಿ. ಒಂದು ವಾರ ಹುರುಳಿ ಮಾಡಿದರೆ ಮುಂದಿನ ವಾರ ಅಲಸಂದೆ ಮಾಡಿ, ಮಕ್ಕಳಿಗೆ ಬೇಸರ ಬರುವುದಿಲ್ಲ.

ಊಟಕ್ಕೆ ಕೂತಾಗ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ. ಕಾಳು, ಸೊಪ್ಪಿನ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಅದರ ಸಿ ಜೀವಸತ್ವ ಸಹಾಯ ಮಾಡುತ್ತದೆ. ಒಲೆಯ ಮೇಲೆ ಕುದಿಯುವಾಗ ಹಿಂಡಿದರೆ ಅದು ಹಾಳಾಗುತ್ತದೆ, ತಟ್ಟೆಗೆ ಬಂದ ಮೇಲೇ ಹಿಂಡಬೇಕು. ಟೀ ಇದರ ಉಲ್ಟಾ ಕೆಲಸ ಮಾಡುತ್ತದೆ. ಊಟ ಮುಗಿದ ಕೂಡಲೇ ಟೀ ಕುಡಿಯುವ ಅಭ್ಯಾಸ ಇದ್ದರೆ ಒಂದು ಗಂಟೆ ಮುಂದೆ ಹಾಕಿ. ಬೆಲ್ಲ ತಿಂದರೆ ರಕ್ತ ಆಗುತ್ತದೆ ಅನ್ನುವುದನ್ನು ನಂಬಿ ಅದಕ್ಕೆ ದುಡ್ಡು ಸುರಿಯಬೇಡಿ. ರುಚಿಗೆ ಹಾಕಿಕೊಳ್ಳಿ, ಔಷಧಿ ಅಂತ ಅಲ್ಲ.

ರಾಗಿಯನ್ನು ಪ್ಯಾಕೆಟ್ ಹಿಟ್ಟು ಬಿಟ್ಟು ಕಾಳಾಗಿ ತನ್ನಿ. ಅದೇ ₹300ಕ್ಕೆ ಆರು ಕೆಜಿ ಮೇಲೆ ಬರುತ್ತದೆ. ನಿಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ರಾಗಿ ಕೊಡುವ ತಿಂಗಳು ಇದ್ದರೆ ಬೇಡ ಅನ್ನಬೇಡಿ, ಎಷ್ಟೋ ಜನ ಅದನ್ನು ಅಲ್ಲೇ ಬಿಟ್ಟು ಬರುತ್ತಾರೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ. ಒಂದು ಲೋಟ ಹಾಲಿನಲ್ಲಿ 240. ಕಾಲು ಕೂಡಿಕೊಳ್ಳುತ್ತಿರುವ ನಿಮ್ಮ ಯಜಮಾನರಿಗೆ, ಅತ್ತೆಯವರಿಗೆ ದಿನಾ ಒಂದು ಹೊತ್ತು ಮುದ್ದೆ ಇರಲೇಬೇಕು.

ಮಕ್ಕಳ ಪುಡಿಯ ಜಾಗಕ್ಕೂ ಇದೇ ರಾಗಿ. ಒಂದು ಕೆಜಿ ರಾಗಿ ತೊಳೆದು, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ನೆರಳಲ್ಲಿ ಪೂರ್ತಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಒಂದು ಪಾವು ಹುರಿಗಡಲೆ, ಎರಡು ಏಲಕ್ಕಿ ಸೇರಿಸಿ ಮಿಲ್ಲಿಗೆ ಕೊಡಿ. ಎರಡು ಚಮಚ ಪುಡಿಯನ್ನು ತಣ್ಣೀರಲ್ಲಿ ಕಲಸಿ, ಗಂಟಾಗದ ಹಾಗೆ ಕಾಯಿಸಿ, ಹಾಲು, ಚೂರು ಬೆಲ್ಲ ಹಾಕಿದರೆ ಮಾಲ್ಟ್. ಮೊದಲ ವಾರ ಮಕ್ಕಳು ಮುಖ ಸಿಂಡರಿಸಬಹುದು. ಏಲಕ್ಕಿ ಇನ್ನೊಂದು ಹಾಕಿ ನೋಡಿ. ಕುರುಕಲಿನ ಜಾಗಕ್ಕೆ ಬೇಯಿಸಿದ ಕಡಲೆಕಾಳು ಉಸಲಿ, ಹುರಿದ ಕಡಲೆಬೀಜ. ಒಂದು ಹಿಡಿ ಸಾಕು.

ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ ಅಲ್ಲಿ ಮಧ್ಯಾಹ್ನದ ಬಿಸಿಯೂಟ ಇದೆ, ಹಾಲಿದೆ, ಮೊಟ್ಟೆ ಇದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಡಬ್ಬಿ ಕಟ್ಟಿ ಕಳಿಸಿ ಆ ಊಟ ತಪ್ಪಿಸಬೇಡಿ. ಇವತ್ತು ಮೊಟ್ಟೆ ತಿಂದೆಯಾ ಅಂತ ಸಂಜೆ ಸುಮ್ನೆ ಒಂದು ಮಾತು ಕೇಳಿ. ವರ್ಷಕ್ಕೆರಡು ಸಲ ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತಾರೆ, ಆ ದಿನ ರಜೆ ಹಾಕಿಸಬೇಡಿ. ಹುಳು ಇದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಅತ್ತೆಯವರಿಗೆ ಸಮಾಧಾನವಾಗಿ ಹೇಳಿ, ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಬೆರೆಸಿ ಅಕ್ಕಿಯ ಆಕಾರಕ್ಕೇ ಮಾಡಿದ ಕಾಳು. ನಿಮ್ಮ ರೇಷನ್ ಅಕ್ಕಿಗೆ ನೂರು ಕಾಳಿಗೆ ಒಂದರಂತೆ ಬೆರೆಸಿದ್ದಾರೆ. ಬಣ್ಣ ಸ್ವಲ್ಪ ಬೇರೆ, ನೀರಲ್ಲಿ ತೇಲುತ್ತದೆ, ಅದಕ್ಕೇ ಅನುಮಾನ ಬರುವುದು. ಹಿಮೋಗ್ಲೋಬಿನ್ 9.2 ಇರುವ ಮನೆಯಲ್ಲಿ ಆರಿಸಿ ಎಸೆಯುತ್ತಿರುವುದು ಆ ಕಬ್ಬಿಣವನ್ನೇ ಅಲ್ವಾ? ಅಕ್ಕಿಯನ್ನು ಎರಡು ನೀರಲ್ಲಿ ತೊಳೆದರೆ ಸಾಕು. ಗಂಜಿ ಬಸಿಯದೆ ನೀರು ಅಳತೆಗೆ ಇಟ್ಟು ಬೇಯಿಸಿ.

ತರಕಾರಿಯ ₹900 ಹಾಗೇ ಇರಲಿ, ಒಂದು ಪೈಸೆ ಕಮ್ಮಿ ಮಾಡಬೇಡಿ. ಅದರಲ್ಲಿ ಅರ್ಧ ಸೊಪ್ಪಿಗೆ ಹೋಗಲಿ. ಕೋಸು, ಬೀನ್ಸ್ ದರ ಏರಿದ ವಾರ ಅದರ ತಂಟೆಗೇ ಹೋಗಬೇಡಿ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಸೊಪ್ಪಿನ ಬೆಲೆ ಇಳಿಯುತ್ತದೆ, ನೀವು ಶಿಫ್ಟ್ ಮುಗಿಸಿ ಬರುವ ಹೊತ್ತೂ ಅದೇ. ಮೂಲಂಗಿ ಕೊಂಡರೆ ಅದರ ಸೊಪ್ಪನ್ನು ಕಿತ್ತು ಅಂಗಡಿಯಲ್ಲೇ ಬಿಡಬೇಡಿ. ನಿಮ್ಮ ಕಡೆ ನುಗ್ಗೆಮರ ಇಲ್ಲದ ಬೀದಿ ಇಲ್ಲ, ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಉಪ್ಪು ಮಾತ್ರ ಅಯೋಡಿನ್ ಇರುವುದೇ ಬೇಕು.

ಮಿಕ್ಕಿದ ₹325ರಲ್ಲಿ ನಿಂಬೆಹಣ್ಣು, ಬಾಳೆಹಣ್ಣು, ಸೀಬೆ. ಮಾಂಸ ತಿನ್ನುವ ಮನೆಯಾದರೆ ತಿಂಗಳಿಗೆರಡು ಸಲ ಕೋಳಿ ಲಿವರ್ ತನ್ನಿ. ಬಾಡಿಗಿಂತ ಅಗ್ಗ, ಅದರ ಕಬ್ಬಿಣ ಸೊಪ್ಪಿನ ಕಬ್ಬಿಣಕ್ಕಿಂತ ಬೇಗ ಮೈಗೆ ಹಿಡಿಯುತ್ತದೆ. ಬೇಗ ಬೇಯುತ್ತದೆ ಅಂತ ಹಸಿಬಿಸಿ ಇಳಿಸಬೇಡಿ. ತಿನ್ನದವರಾದರೆ ಆ ದುಡ್ಡಿಗೆ ಸೋಯಾ ಚಂಕ್ಸ್. ತೂಕದಲ್ಲಿ ಅರ್ಧದಷ್ಟು ಪ್ರೋಟೀನೇ. ಬಿಸಿನೀರಲ್ಲಿ ನೆನೆಸಿ ಎರಡು ಸಲ ಹಿಂಡಿದರೆ ವಾಸನೆ ಹೋಗುತ್ತದೆ.

ಈಗ ನಿಮ್ಮ ಹನ್ನೊಂದು ಗಂಟೆಯ ತಲೆಸುತ್ತು. ಬೆಳಿಗ್ಗೆ ಟೀ ಕುಡಿದು ಹೊರಡುತ್ತೀರಿ ಅಂತ ಅನ್ನಿಸುತ್ತದೆ. ನೀವು ಬರೆದಿಲ್ಲ, ಆದರೆ ಗಾರ್ಮೆಂಟ್ಸ್‌ನಿಂದ ಬರುವ ಹೆಂಗಸರಲ್ಲಿ ಹೆಚ್ಚಿನವರು ಹೇಳುವುದು ಇದನ್ನೇ. ಟೀಗೆ ಮುಂಚೆ ರಾಗಿ ಗಂಜಿಗೆ ಮಜ್ಜಿಗೆ, ಉಪ್ಪು ಹಾಕಿ ಒಂದು ದೊಡ್ಡ ಲೋಟ ಕುಡಿಯಿರಿ. ರಾತ್ರಿಯೇ ಕಾಯಿಸಿಟ್ಟರೆ ಬೆಳಿಗ್ಗೆ ಎರಡು ನಿಮಿಷದ ಕೆಲಸ. ಬ್ಯಾಗಿನಲ್ಲಿ ಒಂದು ಹಿಡಿ ಹುರಿದ ಕಡಲೆಬೀಜ ಇರಲಿ.

ಇನ್ನೊಂದು ಮಾತು, ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಅಡುಗೆ ಆದ ಕೂಡಲೇ, ಯಾರಿಗೂ ಬಡಿಸುವ ಮುಂಚೆ, ನಿಮ್ಮ ಡಬ್ಬಿ ತುಂಬಿ. ಸೌಟು ಪಾತ್ರೆಯ ಅಡಿಗೆ ಹಾಕಿ ಕಾಳು ಎತ್ತಿ. ಮೇಲಿನ ತಿಳಿ ಬೇಡ. ಮನೆಯಲ್ಲಿ ಮೊಟ್ಟೆ ಬೇಯಿಸಿದ ದಿನ ನಿಮ್ಮದೊಂದು ಆ ಡಬ್ಬಿಗೆ ಹೋಗಲಿ. ನಾನು ತಿಂದರೆ ಮಕ್ಕಳಿಗೆ ಕಮ್ಮಿ ಆಗುತ್ತದೆ ಅಂತ ನಿಮ್ಮ ಕೈ ಹಿಂಜರಿಯುತ್ತದೆ, ನನಗೆ ಗೊತ್ತು. ನನ್ನ ತಾಯಿಯೂ ಹಾಗೇ ಇದ್ದರು. ಆದರೆ ಈಗ ಮನೆ ನಡೆಯುತ್ತಿರುವುದು ನಿಮ್ಮ ಸಂಬಳದಿಂದ, ದಿನಕ್ಕೆ ಎಂಟು ಗಂಟೆ ಮಿಷನ್ ಮುಂದೆ ಕೂರುವುದು ನೀವು. ಮಕ್ಕಳಿಗೆ ಶಾಲೆಯ ಊಟ ಇದೆ. ನಿಮಗೆ ಇರುವುದು ಈ ಡಬ್ಬಿ ಒಂದೇ. ಯಜಮಾನರು ಹಗಲೆಲ್ಲ ಮನೆಯಲ್ಲೇ ಇರುತ್ತಾರಲ್ಲ, ಕೂತಲ್ಲೇ ಕಾಳು ಆರಿಸುವುದು, ಸೊಪ್ಪು ಬಿಡಿಸುವುದು ಅವರೂ ಮಾಡಬಹುದು. ಈ ಪುಟವನ್ನು ಅವರಿಗೂ ಓದಲು ಕೊಡಿ.

ಪಟ್ಟಿಯನ್ನು ಒಂದೇ ತಿಂಗಳಲ್ಲಿ ಪೂರ್ತಿ ಬದಲಿಸಲು ಆಗದಿದ್ದರೆ ಚಿಂತೆ ಬೇಡ. ಮನೆಯಲ್ಲಿರುವ ಪುಡಿಯ ಡಬ್ಬ ಮುಗಿಯಲಿ, ಮತ್ತೆ ತರಬೇಡಿ. ಈ ಶನಿವಾರ ಒಂದು ಕೆಜಿ ಹುರುಳಿ, ಒಂದು ಡಜನ್ ಮೊಟ್ಟೆ ತನ್ನಿ, ₹170 ಒಳಗೆ ಆಗುತ್ತದೆ. ರಾತ್ರಿ ಕಾಲು ಕೆಜಿ ನೆನೆ ಹಾಕಿ ಮಲಗಿ. ಸೋಮವಾರ ನಿಮ್ಮ ಡಬ್ಬಿಯಲ್ಲಿ ಮೊಳಕೆ ಹುರುಳಿಯ ಪಲ್ಯ ಇರುತ್ತದೆ.